ಮಗಳಿಗೊಂದು ಪತ್ರ: ಗಂಡಭೇರುಂಡ ಇಲ್ಲೇ ಇರಲಿ

ಪ್ರೀತಿಯ ಪುಟ್ಟಿಗೆ,

ನಿನ್ನ ಸೂಟ್‌ಕೇಸಿನಿಂದ ಸೈನಿಕರ ಸಮವಸ್ತ್ರದ ಬಿಲ್ಲೆಗಳ ಆಲ್ಬಮ್ ತೆಗೆದವಳು ನಾನೇ. ನಾಳೆ ಜರ್ಮನಿಗೆ ಹೊರಡಲು ಬೀಗ ಹಾಕುವ ಮೊದಲೇ ನಿನಗೆ ಗೊತ್ತಾಗಲಿ ಎಂದು ಈ ಪತ್ರವನ್ನು ಸ್ವೆಟರುಗಳ ಮೇಲೆಯೇ ಇಟ್ಟಿದ್ದೇನೆ. ಊಟದ ಹೊತ್ತಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ದನಿ ಏರಿಸಿದ್ದಕ್ಕೆ ಕ್ಷಮಿಸು. ಹೇಳಿದ ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಮೊದಲು ಕಾನೂನಿನ ಮಾತು ಮುಗಿಸುತ್ತೇನೆ, ಅದು ಚಿಕ್ಕದು. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯ್ದೆಯ ಪ್ರಕಾರ, ಐತಿಹಾಸಿಕ ಮಹತ್ವವಿರುವ ವಸ್ತುವಿಗೆ ನೂರು ವರ್ಷ ತುಂಬಿದರೆ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ. ‘ಮಾರುವುದಕ್ಕಲ್ಲ, ನೆನಪಿಗೆ’ ಎಂದೆ ನೀನು. ನನಗೆ ಅದು ಅರ್ಥವಾಗುತ್ತದೆ, ಕಸ್ಟಮ್ಸ್ ಅಧಿಕಾರಿಗೆ ಅರ್ಥವಾಗಬೇಕಿಲ್ಲ. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನ ಗಂಡಭೇರುಂಡದ ಬಿಲ್ಲೆ 1918ಕ್ಕೂ ಹಿಂದಿನದು. ಅದು ಹೊರಡುವಂತಿಲ್ಲ. ಗಣರಾಜ್ಯದ ನಂತರದ, ಸಿಂಹಮುದ್ರೆಯ ಬಿಲ್ಲೆಗಳನ್ನು ಬೇಕಾದರೆ ಮುಂದಿನ ಸಲ ಒಯ್ಯಬಹುದು. ಅವುಗಳಿಗೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಮಾಡಿಸಿಕೊಂಡೇ ಹೊರಡುವುದು ಒಳ್ಳೆಯದು.

ಆದರೆ ನನ್ನ ಸಂಕಟ ಕಾನೂನಿನದಲ್ಲ, ಚೀಟಿಗಳದ್ದು. ಹಳೆಯ ಡಬ್ಬಿಯಲ್ಲಿ ಒಂದೊಂದು ಬಿಲ್ಲೆಯ ಕೆಳಗೆ ಒಂದೊಂದು ಚೀಟಿ ಇತ್ತು. ನೀನು ಬಿಲ್ಲೆಗಳನ್ನಷ್ಟೇ ಆ ಪ್ಲಾಸ್ಟಿಕ್ ಆಲ್ಬಮ್ಮಿಗೆ ಚಂದವಾಗಿ ಜೋಡಿಸಿ, ಚೀಟಿಗಳನ್ನೆಲ್ಲ ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಸುತ್ತಿ ಮೇಜಿನ ಡ್ರಾಯರಿನಲ್ಲಿ ಬಿಟ್ಟಿದ್ದೀಯ. ಈಗ ನಡುರಾತ್ರಿ ಕುಳಿತು ಯಾವ ಚೀಟಿ ಯಾವುದರದು ಎಂದು ಹೊಂದಿಸುತ್ತಿದ್ದೇನೆ.

ಗಂಡಭೇರುಂಡದ ಚೀಟಿಯ ಕಥೆ ನಿನಗೆ ಗೊತ್ತಿಲ್ಲ. ನೀನೂ ಅಲ್ಲೇ ಇದ್ದೆ, ಆದರೆ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಅದನ್ನು ಕೊಟ್ಟದ್ದು ಒಬ್ಬ ಅಜ್ಜಿ. ಆಕೆಯ ಮಾವ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರರಾಗಿದ್ದವರು, ಮೊದಲ ಮಹಾಯುದ್ಧದಲ್ಲಿ ಈಗಿನ ಇಸ್ರೇಲಿನ ಹೈಫಾಕ್ಕೆ ಹೋಗಿ ಬಂದವರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೂ ಮೈಸೂರಿನವರೂ ಕುದುರೆ ಏರಿ, ಈಟಿ ಕತ್ತಿ ಹಿಡಿದು ಮಷಿನ್‌ಗನ್ನುಗಳ ಎದುರು ನುಗ್ಗಿ ಆ ಊರನ್ನು ಗೆದ್ದದ್ದನ್ನು ನೀನು ಓದಿದ್ದೀಯ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರರದು ಎಂದು ನನಗೇ ತೋರಿಸಿದವಳು ನೀನು. ಆ ಅಜ್ಜಿಗೆ ಹೈಫಾ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಮಾವ ಯುದ್ಧದ ಮಾತೇ ಆಡುತ್ತಿರಲಿಲ್ಲವಂತೆ. ಕುದುರೆಯ ಮಾತು ಮಾತ್ರ ಆಡುತ್ತಿದ್ದರಂತೆ. ಅದು ಹಿಂದಕ್ಕೆ ಬರಲಿಲ್ಲ.

ಬಿಲ್ಲೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ತಂದು ನನ್ನ ಅಂಗೈ ಮೇಲಿಟ್ಟರು. ಕೈ ಮಾತ್ರ ತೆಗೆಯಲಿಲ್ಲ. ‘ನಿಮ್ಮ ಮನೆಗೆ ಬಂದವರು ಇದು ಯಾರದು ಅಂತ ಕೇಳಿದರೆ ಏನು ಹೇಳುತ್ತೀರಿ?’ ಎಂದರು. ಮೈಸೂರು ಲ್ಯಾನ್ಸರ್ಸ್‌ನದು ಎಂದೆ. ‘ಅದಲ್ಲ, ಯಾರದು?’ ಎಂದರು. ಅವರ ಮಾವನ ಹೆಸರು ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು, ಹೇಳಿದೆ. ಅಷ್ಟಾದರೂ ನಂಬಿಕೆ ಬರಲಿಲ್ಲ ಅನ್ನಿಸುತ್ತದೆ. ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ತಾವೇ ಬರೆದರು. ಹೆಸರು, ತಂದೆಯ ಹೆಸರು, ಊರು. ಕೊನೆಯ ಸಾಲಿನಲ್ಲಿ, ‘ಕುದುರೆ ಬರಲಿಲ್ಲ.’ ಹಣದ ಮಾತೆತ್ತಿದರೆ ಮುಖ ತಿರುಗಿಸಿದರು. ಬೀಳ್ಕೊಡುವಾಗಲೂ ಬಾಗಿಲ ಬಳಿ ನಿಲ್ಲಿಸಿ ಮತ್ತೊಮ್ಮೆ ಹೆಸರು ಹೇಳಿಸಿದರು.

‘ಅದಲ್ಲ, ಯಾರದು?’ ಎಂಬ ಪ್ರಶ್ನೆಯನ್ನು ನಾನು ಇವತ್ತಿಗೂ ದಾಟಿಲ್ಲ, ಪುಟ್ಟಿ. ಪುಸ್ತಕಗಳು ರೆಜಿಮೆಂಟನ್ನು ಹೇಳುತ್ತವೆ, ಲೋಹವನ್ನು ಹೇಳುತ್ತವೆ, ಕಾಲವನ್ನು ಹೇಳುತ್ತವೆ. ಯಾರದು ಎಂದು ಹೇಳುವುದು ಚೀಟಿ ಮಾತ್ರ. ನಿನ್ನ ತಾತನ ಗುಂಡಿ ಡಬ್ಬಿ ನೋಡಿದಾಗಲೆಲ್ಲ ನನಗೆ ಇದೇ ಯೋಚನೆ. ಸೇನಾ ದರ್ಜಿಯಾಗಿದ್ದ ಅವರು 1950ರ ಜನವರಿಯಲ್ಲಿ ಹಗಲು ರಾತ್ರಿ ಹೊಲಿಗೆ ಬಿಚ್ಚಿದ್ದರು. 26ನೆಯ ತಾರೀಖಿಗೆ ದೇಶ ಗಣರಾಜ್ಯ. ಮೇಜರುಗಳ ಭುಜದ ಬ್ರಿಟಿಷ್ ಕಿರೀಟದ ಬಿಲ್ಲೆ ಇಳಿದು ಅಶೋಕನ ಸಿಂಹ ಏರಬೇಕು, ಬ್ರಿಟಿಷರ ಬಾತ್ ಪದವಿಯ ನಕ್ಷತ್ರ ಹೋಗಿ ಐದು ಮೂಲೆಯ ನಕ್ಷತ್ರ ಬರಬೇಕು. ಕೆಲವರು ಹಳೆಯ ಕಿರೀಟವನ್ನು ಕೇಳಿ ಪಡೆದರಂತೆ, ಹಲವರು ಬಿಟ್ಟು ಹೋದರು. ಬಿಟ್ಟುಹೋದ ಜರಿಯ ಕಿರೀಟಗಳೇ ನಮ್ಮ ಸಂಗ್ರಹದ ಬುಡ. ಆ ಭುಜಗಳಲ್ಲಿ ಎರಡನೆಯ ಮಹಾಯುದ್ಧದ ಬರ್ಮಾ ಕಂಡವು ಇದ್ದಿರಬಹುದು, ಇಟಲಿ ಕಂಡವು ಇದ್ದಿರಬಹುದು. ಯಾರೂ ಬರೆದಿಡಲಿಲ್ಲ. ಈಗ ಅವೆಲ್ಲ ಒಂದೇ ತೆರನ ಕಿರೀಟಗಳು. ಅಜ್ಜಿ ಕೊಟ್ಟದ್ದು ಹಾಗಾಗಬಾರದು. ಮೈಸೂರು ಲ್ಯಾನ್ಸರ್ಸ್ ಕೂಡ ಈಗ ಆ ಹೆಸರಿನಲ್ಲಿಲ್ಲ. ಸಂಸ್ಥಾನಗಳ ಕುದುರೆ ಪಡೆಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ ರೆಜಿಮೆಂಟಿನಲ್ಲಿ, ಈಗಿನ 61ನೆಯ ಕ್ಯಾವಲ್ರಿಯಲ್ಲಿ, ಸೇರಿಹೋಯಿತು. ಪಡೆಯ ಹೆಸರೇ ಇತಿಹಾಸಕ್ಕೆ ಸರಿದ ಮೇಲೆ ಒಬ್ಬ ಸವಾರನ ಹೆಸರನ್ನು ಹಿಡಿದಿಡಲು ಉಳಿದದ್ದು ಒಂದು ಕ್ಯಾಲೆಂಡರ್ ಹಾಳೆ. ಅದಕ್ಕೆ ನೀನು ರಬ್ಬರ್ ಬ್ಯಾಂಡ್ ಹಾಕಿದೆ.

ನಿನಗೆ ಗೊತ್ತಿಲ್ಲವೆಂದು ಬೈಯುತ್ತಿಲ್ಲ. ನನಗಿಂತ ಹೆಚ್ಚು ಗೊತ್ತಿದೆ. ಹೈಸ್ಕೂಲಿನಲ್ಲಿದ್ದಾಗ ಒಬ್ಬ ವ್ಯಾಪಾರಿ ‘ಮೊದಲ ಮಹಾಯುದ್ಧದ್ದು’ ಎಂದು ಟೋಪಿಯ ಬಿಲ್ಲೆ ತೋರಿಸಿದ್ದರು. ನಾನು ಇನ್ನೇನು ಒಪ್ಪುವವಳಿದ್ದೆ. ನೀನು ಕಿರೀಟದ ಕಮಾನು ನಡುವೆ ತಗ್ಗಿರುವುದನ್ನು ತೋರಿಸಿ, ‘ಇದು ಎಲಿಜಬೆತ್ ರಾಣಿಯ ಕಿರೀಟ, ಆಕೆ ಪಟ್ಟಕ್ಕೆ ಬಂದದ್ದೇ 1952ರಲ್ಲಿ, 1918ಕ್ಕೆ ಹೇಗೆ ಬಂತು?’ ಎಂದು ಕೇಳಿದೆ. ಆಮೇಲೆ ಹಿಂಬದಿ ತಿರುಗಿಸಿ, ‘ಅಚ್ಚೊತ್ತಿದ್ದಾದರೆ ಮುಂದಿನ ಉಬ್ಬಿಗೆ ಹಿಂದೆ ತಗ್ಗಿರಬೇಕು. ಇಲ್ಲಿ ಬರೀ ಗುಳಿಗಳಿವೆ, ಇದು ಎರಕ ಹೊಯ್ದ ನಕಲು’ ಎಂದೆ. ಆ ದಿನದ ಹೆಮ್ಮೆಯನ್ನು ನಿನ್ನ ಮುಂದೆ ಹೇಳಿರಲಿಲ್ಲ. ನೀನು ಲೋಹಶಾಸ್ತ್ರ ಆರಿಸಿಕೊಂಡಾಗ ಅಪ್ಪನಿಗೆ ಆಶ್ಚರ್ಯವಾಯಿತು, ನನಗಾಗಲಿಲ್ಲ.

ಅದಕ್ಕೇ ಆ ಆಲ್ಬಮ್ ನೋಡಿ ಹೆಚ್ಚು ನೋವಾಯಿತು. ಪಿವಿಸಿ ಪ್ಲಾಸ್ಟಿಕ್ ಹಾಳೆ ಹಳೆಯದಾದಂತೆ ಆಮ್ಲ ಬಿಡುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ರಬ್ಬರಿನಲ್ಲಿ ಗಂಧಕವಿದೆ, ಉಣ್ಣೆಯಲ್ಲೂ ಇದೆ. ಬೆಳ್ಳಿ ಕಪ್ಪಾಗುವುದು ಅದರಿಂದಲೇ. ಜರಿಯ ಬಿಲ್ಲೆಯೂ ಬೆಳ್ಳಿಯ ಎಳೆಯೇ ತಾನೆ? ಓಕ್ ಮರದ ಪೆಟ್ಟಿಗೆ ನೋಡಲು ಚಂದ, ಅದರ ಹಬೆ ಲೋಹಕ್ಕೆ ಒಳ್ಳೆಯದಲ್ಲ. ಚರ್ಮದ ಬೆಲ್ಟಿನಿಂದ ಹಿತ್ತಾಳೆಯ ಬಕಲ್ಲನ್ನು ಬಿಡಿಸಿಡಬೇಕೆಂದಲ್ಲ. ಬಿಡಿಸಿದರೆ ಜೋಡಿ ಮುರಿಯುತ್ತದೆ. ಎರಡರ ನಡುವೆ ಆಮ್ಲರಹಿತ ಕಾಗದ ಇಡು. ಬರಿಗೈಯಲ್ಲಿ ಮುಟ್ಟಬೇಡ. ಮುಖ್ಯವಾಗಿ, ಉಜ್ಜಬೇಡ. ಹುಣಸೆಹಣ್ಣಾಗಲಿ, ಡಬ್ಬಿಯಲ್ಲಿ ಬರುವ ಪಾಲಿಶ್ ಆಗಲಿ, ಹೊಳಪು ಕೊಡುವಾಗ ಲೋಹದ ಒಂದು ಪದರವನ್ನು ಒಯ್ಯುತ್ತದೆ. ಸೈನಿಕ ತಾನು ಧರಿಸಿದ್ದಾಗ ಉಜ್ಜಿ ಸವೆಸಿದ್ದು ಬೇರೆ, ಅದು ಅವನ ದಿನಚರಿ. ನಾವು ಸವೆಸುವುದು ಬೇರೆ. ಅಜ್ಜಿಯ ಬಿಲ್ಲೆಯ ಎಡಗಡೆಯ ತಲೆ ಬಲಗಡೆಯದಕ್ಕಿಂತ ನುಣುಪಾಗಿದೆ, ಗಮನಿಸಿದ್ದೀಯಾ? ಅದು ಸವಾರನ ಹೆಬ್ಬೆರಳೇ ಇರಬೇಕು ಎಂದು ನನ್ನ ನಂಬಿಕೆ. ಅಲ್ಲಿ ನಮ್ಮ ಬೆರಳು ಬೀಳಬಾರದು.

ಉಪದೇಶ ಉದ್ದವಾಯಿತು. ಇನ್ನೂ ಒಂದಿದೆ, ಸಹಿಸಿಕೋ. ನೀನು ಹೋಗುತ್ತಿರುವುದು ಜರ್ಮನಿಗೆ. ಯುರೋಪಿನ ಹಳೆಯ ವಸ್ತುಗಳ ಸಂತೆಗಳಲ್ಲಿ ಸಮವಸ್ತ್ರದ ಬಿಡಿಭಾಗಗಳು ಸಿಗುತ್ತವೆ. ಸಂಗ್ರಾಹಕಿಯ ಕಣ್ಣು ಅತ್ತ ಹೊರಳುತ್ತದೆ. ನಾಜಿ ಕಾಲದ ಚಿಹ್ನೆಗಳನ್ನು ಅಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸುವುದು ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ಸಂಶೋಧನೆ, ಬೋಧನೆಗೆ ವಿನಾಯಿತಿ ಇದೆ. ಆದರೂ ನಾಜಿಗಳ ಎಸ್ಎಸ್ ಪಡೆಯ ಆ ತಲೆಬುರುಡೆಯ ಬಿಲ್ಲೆ ನಮ್ಮ ಡಬ್ಬಿಗೆ ಬೇಡ. ನಕಲಿಗಳೇ ಹೆಚ್ಚು ಎಂಬುದು ಒಂದು ಕಾರಣ. ಅಸಲಿಯಾದರೆ ಇನ್ನೂ ಬೇಡ. ‘ಯಾರದು?’ ಎಂದು ಕೇಳಿದಾಗ ಸಿಗುವ ಉತ್ತರದ ಜೊತೆ ಬದುಕುವುದು ಕಷ್ಟ. ಹಾಗೆಯೇ ಯಾವ ಸೇನೆಯ ಬಿಲ್ಲೆಯನ್ನೂ ಜಾಕೆಟ್ಟಿಗೆ ಚುಚ್ಚಿಕೊಂಡು ತಿರುಗಬೇಡ, ಯಾರೂ ತಡೆಯದಿದ್ದರೂ. ನಾವು ಅದನ್ನು ಗಳಿಸಿದವರಲ್ಲ, ಕಾಯುವವರು.

ನೀನು ಅಷ್ಟು ದೂರ ಒಬ್ಬಳೇ ಇರುತ್ತೀಯ ಎಂಬ ಭಯವನ್ನೆಲ್ಲ ಈ ಹಿತ್ತಾಳೆಯ ಮೇಲೆ ಸುರಿದೆನೇನೋ. ಅಪ್ಪ ಹಾಗೆಯೇ ಹೇಳಿದರು. ಇರಬಹುದು. ಆಲ್ಬಮ್ಮನ್ನು ನೀನು ಎಷ್ಟು ಜೋಪಾನವಾಗಿ ಬಟ್ಟೆಗಳ ನಡುವೆ ಇಟ್ಟಿದ್ದೆ ಎಂಬುದನ್ನು ನೋಡಿದೆ. ಅಲ್ಲಿ ಮನೆಯ ನೆನಪಿಗೆ ಇದೇ ಬೇಕೆನಿಸಿತಲ್ಲ, ಅದು ನನಗೆ ಸಂತೋಷ. ತಾತನ ಜರಿಯ ಕಿರೀಟಗಳ ಫೋಟೊಗಳನ್ನು ಬೆಳಕು ನೋಡಿ ತೆಗೆದು ಕಳುಹಿಸುತ್ತೇನೆ. ಅವುಗಳಿಗೆ ಪಟ್ಟಿ ಮಾಡುವ ಕೆಲಸ ನಿನ್ನದು. ಗೊತ್ತಿರುವಷ್ಟನ್ನೇ ಬರೆ, ದರ್ಜಿಯ ಹೆಸರು ಮೊದಲು ಇರಲಿ.

ಇನ್ನೊಂದು ಸಹಾಯ ಬೇಕು. ಅಜ್ಜಿಯ ಚೀಟಿಯಲ್ಲಿ ರಬ್ಬರ್ ಬ್ಯಾಂಡ್ ಉಜ್ಜಿದ ಕಡೆ ಪೆನ್ಸಿಲ್ ಮಾಸಿದೆ. ಸವಾರನ ಹೆಸರು, ತಂದೆಯ ಹೆಸರು ನನಗೆ ಬಾಯಿಪಾಠ. ಊರಿನ ಹೆಸರಿನ ಮೊದಲ ಅಕ್ಷರ ಹ ಎಂದು ಕಾಣುತ್ತದೆ, ಮುಂದಿನದು ಓದಲಾಗುತ್ತಿಲ್ಲ. ಬೆಳಿಗ್ಗೆ ಹೊರಡುವ ಮೊದಲು ಕಿಟಕಿಯ ಬಳಿ ಹಿಡಿದು ಒಮ್ಮೆ ನೋಡು. ನಿನ್ನ ಕಣ್ಣು ಚುರುಕು. ಭೂತಗನ್ನಡಿ ಹೊಲಿಗೆ ಯಂತ್ರದ ಪಕ್ಕದಲ್ಲಿದೆ.

ನಿನ್ನ
ಅಮ್ಮ