ಲೈಸೆನ್ಸಿಗೆ ಏರದ ಕೋವಿಗೆ ಕಟ್ಟಿಸಿಕೊಂಡ ಅಡ್ವಾನ್ಸ್ ವಾಪಸ್ ಕೊಡಿ

ಇಂದ:
ಒಬ್ಬ ಕಾಫಿ ಬೆಳೆಗಾರ,
ಸಕಲೇಶಪುರ ತಾಲೂಕು, ಹಾಸನ ಜಿಲ್ಲೆ

ಗೆ:
ಮಾಲೀಕರು,
ಬಂದೂಕು ಮತ್ತು ತೋಟೆ ಮಾರಾಟದ ಅಂಗಡಿ,
ಬೆಂಗಳೂರು

ವಿಷಯ: ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ಬಗ್ಗೆ ತಪ್ಪು ಮಾಹಿತಿ ಕೊಟ್ಟು ಪಡೆದ ಅಡ್ವಾನ್ಸ್ ಹಿಂದಿರುಗಿಸುವ ಬಗ್ಗೆ

ಮಾನ್ಯರೇ,

ಒಂದು ಈಡು ಹಾರಿದ ಮೇಲೆ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ, ಹನ್ನೆರಡು ಬೋರಿನ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ಒಂದಕ್ಕೆ ನಾನು ನಿಮ್ಮ ಅಂಗಡಿಯಲ್ಲಿ 50,000 ರೂಪಾಯಿ ಅಡ್ವಾನ್ಸ್ ಕಟ್ಟಿದ್ದೇನೆ. ಆ ಕೋವಿ ನನ್ನ ಲೈಸೆನ್ಸಿಗೆ ಏರುವುದೇ ಇಲ್ಲ ಅಂತ ಹಾಸನದ ಡಿಸಿ ಆಫೀಸಿನಲ್ಲಿ ತಿಳಿಸಿದ್ದಾರೆ. ದುಡ್ಡು ವಾಪಸ್ ಕೇಳಿದರೆ ‘ಅಡ್ವಾನ್ಸ್ ವಾಪಸ್ ಇಲ್ಲ, ಬೇಕಾದರೆ ಅದೇ ಲೆಕ್ಕಕ್ಕೆ ಬೇರೆ ಮಾಲು ತಗೊಳ್ಳಿ’ ಎನ್ನುತ್ತೀರಿ. ಇದನ್ನು ಒಪ್ಪಲು ಸಾಧ್ಯವಿಲ್ಲ.

ನಾನು ಏನು ಕೇಳಿಕೊಂಡು ಬಂದಿದ್ದೆ ಅನ್ನೋದು ನಿಮ್ಮ ಸೇಲ್ಸ್‌ನವರಿಗೆ ಚೆನ್ನಾಗಿ ಗೊತ್ತು. ಹಾರಿಬಿಟ್ಟ ತಟ್ಟೆಗೆ ಹೊಡೆಯುವ ಕ್ಲೇ ಶೂಟಿಂಗ್ ಅಭ್ಯಾಸಕ್ಕೆ ಆಗಬೇಕು, ತೋಟದ ಮನೆಯ ರಕ್ಷಣೆಗೂ ಒದಗಬೇಕು, ನಮ್ಮ ಮಳೆಗಾಲದಲ್ಲಿ ಕೈಕೊಡಬಾರದು. ನನ್ನ ಲೈಸೆನ್ಸ್ ಪುಸ್ತಕವನ್ನು ಅವರ ಮುಂದೆಯೇ ಬಿಚ್ಚಿಟ್ಟಿದ್ದೆ. ಅವರು ಹಾಳೆ ತಿರುಗಿಸಿ ನೋಡಿ, ‘ಶಾಟ್‌ಗನ್ ಅಂದ ಮೇಲೆ ಎಲ್ಲಾ ಒಂದೇ ಸರ್, ಆರಾಮಾಗಿ ಎಂಟ್ರಿ ಆಗುತ್ತೆ’ ಎಂದರು. ಆ ಮಾತಿನ ಮೇಲೆ ನಾನು ದುಡ್ಡು ಕೊಟ್ಟಿದ್ದು.

ಎಲ್ಲಾ ಒಂದೇ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್‌ಗಳು ಮೊದಲನೇ ವರ್ಗಕ್ಕೆ ಸೇರುತ್ತವೆ. ಅದು ಜಿಲ್ಲಾಧಿಕಾರಿಗಳು ಕೊಡುವ ಮಾಮೂಲಿ ಲೈಸೆನ್ಸಿನ ಮಾತಲ್ಲ, ಕೇಂದ್ರ ಗೃಹ ಇಲಾಖೆಯವರೆಗೆ ಹೋಗುವ ವಿಚಾರ. ನಮ್ಮಂಥವರ ಲೈಸೆನ್ಸಿಗೆ ಹತ್ತುವುದು ಒಂಟಿ ನಳಿಗೆ, ಜೋಡು ನಳಿಗೆ, ಕೈಯಲ್ಲಿ ಎಳೆದು ತೋಟೆ ತುಂಬುವ ಪಂಪ್ ಆಕ್ಷನ್ ಇಂಥವು. ಹೆಸರಾಂತ ಶೂಟರ್‌ಗಳಿಗೆ ಬೇರೆ ನಿಯಮ ಇದೆ ನಿಜ. ನಾನು ಆ ಸಾಲಿನವನು ಅಂತ ನಿಮ್ಮಲ್ಲಿ ಎಲ್ಲಿಯೂ ಹೇಳಿಲ್ಲ. ಡಿಸಿ ಆಫೀಸಿನ ಗುಮಾಸ್ತರು ನಿಮ್ಮ ಕೊಟೇಶನ್ನಿನ ಮೇಲೆ ಬೆರಳಿಟ್ಟು ತೋರಿಸಿದರು: ‘ಸೆಮಿ ಆಟೋ ಅಂತ ಅವರೇ ಬರೆದಿದ್ದಾರಲ್ಲ ಸ್ವಾಮಿ, ಇದನ್ನ ಇಲ್ಲಿಗೆ ಹೇಗೆ ಕಳಿಸಿದರು?’ ದಿನವಿಡೀ ಕೋವಿ ಮಾರುವ, ಅದಕ್ಕೇ ಲೈಸೆನ್ಸ್ ಪಡೆದಿರುವ ನಿಮಗೆ ಇದು ಗೊತ್ತಿಲ್ಲ ಅಂದರೆ ನಂಬುವುದು ಹೇಗೆ?

ಸೇಲ್ಸ್‌ನವರು ಇನ್ನೊಂದು ಮಾತು ಹೇಳಿದ್ದರು. ‘ಪಕ್ಕದ ಕೊಡಗಿನಲ್ಲಿ ಲೈಸೆನ್ಸೇ ಬೇಡ, ನೀವ್ಯಾಕೆ ಸುಮ್ನೆ ಹೆದರುತ್ತೀರಿ?’ ಕೊಡವರಿಗೂ ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ವಿನಾಯಿತಿ ಇದೆ, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿದ್ದಾರೆ. ಆದರೆ ಅದು ಅವರದು. ಬಿಸಿಲೆ ಕಾಡಿನ ಈಚೆ ಬದಿಯಲ್ಲಿರುವ ನಮಗೆ ಅದರ ನೆರಳೂ ತಾಕುವುದಿಲ್ಲ. ಇಂಥ ಮಾತು ನಂಬಿ ಯಾರಾದರೂ ಕೋವಿಯನ್ನು ಮನೆಗೆ ತಂದಿಟ್ಟುಕೊಂಡರೆ ಕೇಸು ಬೀಳುವುದು ಅವರ ಮೇಲೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ, ರಸೀದಿ ಜೋಪಾನ ಮಾಡಿ, ಮತ್ತೆ ಬಿಡಿಸಿಕೊಂಡು ಬರುವ ಜನ ನಾವು. ಕಾನೂನಿನ ಪ್ರಕಾರ ನಡೆಯುವವರನ್ನು ನೀವೇ ಹಳ್ಳಕ್ಕೆ ದೂಡಬಾರದು.

ಇನ್ನು ಶಿಕಾರಿಯ ವಿಷಯ. ‘ಹಂದಿ, ಆನೆ ಎಲ್ಲದಕ್ಕೂ ಆಗುತ್ತೆ ಸರ್, ಐದು ಈಡು ಒಂದರ ಹಿಂದೆ ಒಂದು’ ಅಂತ ನಿಮ್ಮವರು ನಗುತ್ತಾ ಹೇಳಿದರು. ಅದನ್ನು ಕೇಳಿ ನನಗೆ ಬಹಳ ಬೇಸರವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ದೇಶದಲ್ಲಿ ಈಗ ಶಿಕಾರಿ ಅನ್ನೋದು ಅಪರಾಧ. ಹಂದಿ ಗದ್ದೆ ಉತ್ತು ಹಾಕಿದೆ ಅಂತ ನಾವೇ ಹೊಡೆಯುವ ಹಾಗಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆಯಂತೂ ಮಾತೇ ಎತ್ತಬಾರದು. 2023ರ ಡಿಸೆಂಬರಿನಲ್ಲಿ ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನನನ್ನೇ ಕಳೆದುಕೊಂಡ ತಾಲೂಕು ನಮ್ಮದು. ಇಲ್ಲಿ ಆನೆಯಿಂದ ಬೆಳೆ ಕಳೆದುಕೊಂಡವರಿದ್ದಾರೆ, ಮನೆಯವರನ್ನು ಕಳೆದುಕೊಂಡವರೂ ಇದ್ದಾರೆ. ಅಂಥವರ ಮುಂದೆ ಚರ್ರೆ (ಸಣ್ಣ ಗುಂಡುಗಳು) ಹಾರಿಸುವ ಕೋವಿಯನ್ನು ಆನೆಗೂ ಆಗುತ್ತೆ ಅಂತ ಮಾರುವುದು ಜೀವದ ಜೊತೆ ಆಟ. ಗಾಯಗೊಂಡ ಆನೆ ಮಾರನೆಯ ದಿನ ಯಾರ ಮೇಲೆ ಬೀಳುತ್ತದೆ ಅಂತ ಬೆಂಗಳೂರಿನ ಕೌಂಟರಿನ ಹಿಂದೆ ಕೂತವರು ಯೋಚಿಸಿದ್ದೀರಾ?

ಕೋವಿಯ ಗುಣಮಟ್ಟಕ್ಕೆ ಬರೋಣ. ‘ಇದರಷ್ಟು ನಂಬಿಕಸ್ತ ಕೋವಿ ಇಲ್ಲ’ ಎಂದು ತೋರಿಸಿದ್ದು ಯಾರದೋ ಹಳೆಯ, ಮದ್ದು ಉರಿದಾಗ ಏಳುವ ಗ್ಯಾಸ್‌ನಿಂದ ಕೆಲಸ ಮಾಡುವ ಕೋವಿ. ಮುಂದಿನ ಮರದ ಹಿಡಿ ಬಿಚ್ಚಲು ನಾನೇ ಹೇಳಿದೆ. ಒಳಗೆ ಮ್ಯಾಗಜಿನ್ ಕೊಳವೆಯ ಸುತ್ತ ಕೂರುವ ಪಿಸ್ಟನ್ ಮೇಲೆ ಮಸಿ ಗಟ್ಟಿಯಾಗಿ ಹಿಡಿದಿತ್ತು, ಉಗುರಿನಲ್ಲಿ ಕೆರೆದರೂ ಬರಲಿಲ್ಲ. ನಳಿಗೆಯಲ್ಲಿ ಗ್ಯಾಸ್ ಹಾದುಬರುವ ತೂತಿನ ಅಂಚು ತುಕ್ಕು ಹಿಡಿದು ಕೆಂಪಾಗಿತ್ತು. ಡಮ್ಮಿ ತೋಟೆ ಹಾಕಿ ಬೋಲ್ಟ್ ಎಳೆದು ತೋರಿಸಿದಾಗ ಮೊದಲೆರಡು ಸಲೀಸಾಗಿ ಹಾರಿದವು, ಮೂರನೆಯದು ಬಾಯಿಗೆ ಅಡ್ಡ ಸಿಕ್ಕಿಕೊಂಡಿತು. ನಿಮ್ಮವರು ಬೆರಳು ಹಾಕಿ ಕಿತ್ತು, ‘ಎಣ್ಣೆ ಬಿಟ್ಟರೆ ಸರಿಹೋಗುತ್ತೆ’ ಎಂದರು. ಗ್ಯಾಸ್ ಕೋವಿಯಲ್ಲಿ ಭುಜಕ್ಕೆ ಒದೆತ ಕಡಿಮೆ, ಒಪ್ಪುತ್ತೇನೆ. ಆದರೆ ಮದ್ದಿನ ಮಸಿಯೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ. ಬಿಚ್ಚಿ ಒರೆಸದಿದ್ದರೆ ಅದು ಸಿಕ್ಕಿಕೊಳ್ಳುವುದು ಗ್ಯಾರಂಟಿ. ಜೂನ್‌ನಿಂದ ಕಪಾಟಿನೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುವ ಊರಿಗೆ ಈ ಸ್ಥಿತಿಯ ಕೋವಿಯನ್ನು ಮಾರಲು ಹೊರಟಿದ್ದಿರಿ.

ತೋಟೆ ಕೂರುವ ಜಾಗ, ಅಂದರೆ ಚೇಂಬರ್, 65 ಮಿಲಿಮೀಟರಿನದೋ 70ರದೋ ಅಂತ ಕೇಳಿದ್ದೆ. ‘ಎಲ್ಲಾ ತೋಟೆ ಓಡುತ್ತೆ’ ಅನ್ನುವುದು ಉತ್ತರವಲ್ಲ. 65ರ ಚೇಂಬರಿಗೆ 70ರ ತೋಟೆ ಹಾಕಿದರೆ ಒಳಗೇನೋ ಹೋಗಿ ಕೂರುತ್ತದೆ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕ್ಲೇಗೆ ಬಳಸುವ 24 ಗ್ರಾಂ ಚರ್ರೆಯ ಹಗುರ ತೋಟೆ ಈ ಹಳೆಯ ಯಂತ್ರವನ್ನು ಪೂರ್ತಿ ಹಿಂದಕ್ಕೆ ತಳ್ಳುತ್ತದೆಯೇ ಎಂದೂ ಕೇಳಿದ್ದೆ. ಅದಕ್ಕೂ ಉತ್ತರವಿಲ್ಲ.

ಕ್ಲೇ ಆಡುವವನಿಗೆ ಐದು ಈಡಿನ ಆಸೆ ತೋರಿಸುವುದೇ ತಪ್ಪು. ಟ್ರ್ಯಾಪ್ ಎಂಬ ಕ್ಲೇ ಪಂದ್ಯದಲ್ಲಿ ಒಂದು ತಟ್ಟೆಗೆ ಹೆಚ್ಚೆಂದರೆ ಎರಡು ಈಡು. ಒಲಿಂಪಿಕ್ಸ್‌ನಲ್ಲಿ ನೋಡಿ, ಒಂದರ ಮೇಲೊಂದು ನಳಿಗೆ ಇರುವ ಜೋಡು ಕೋವಿಯೇ ಜಾಸ್ತಿ. ಅದನ್ನು ನಡುವೆ ಮಡಚಿ ತೆರೆದು ಹಿಡಿದರೆ ಖಾಲಿ ಅಂತ ಸಾಲಿನಲ್ಲಿರುವ ಎಲ್ಲರಿಗೂ ದೂರದಿಂದಲೇ ಕಾಣುತ್ತದೆ. ಅದರಲ್ಲೂ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ನನ್ನ ಅಪ್ಪನ ಕಾಲದ ಒಂಟಿ ನಳಿಗೆ ಒಂದು ಜಾಗ ಹಿಡಿದಿದೆ. ಉಳಿದ ಒಂದಕ್ಕೆ ಯಾವುದು ಸರಿ ಅಂತ ಕೇಳಲು ಬಂದವನಿಗೆ ಸರಿಯಾದ ಮಾತು ಹೇಳುವುದು ನಿಮ್ಮ ಕೆಲಸವಾಗಿತ್ತು.

ಆದ್ದರಿಂದ, ಈ ಪತ್ರ ತಲುಪಿದ 15 ದಿನಗಳೊಳಗೆ ಪೂರ್ತಿ 50,000 ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಬೇಕು. ಬೇರೆ ಮಾಲು ಬೇಡ, ಕ್ರೆಡಿಟ್ ನೋಟೂ ಬೇಡ. ಮಾಮೂಲಿ ಲೈಸೆನ್ಸಿಗೆ ಸೆಮಿ ಆಟೋ ಏರುತ್ತದೆ ಎಂದು ಗಿರಾಕಿಗಳಿಗೆ ಹೇಳುವುದನ್ನು ಇಂದೇ ನಿಲ್ಲಿಸಬೇಕು. ನಮ್ಮ ತಾಲೂಕಿನಿಂದಲೇ ಇನ್ನೂ ಕೆಲವರು ನಿಮ್ಮಲ್ಲಿ ವಿಚಾರಿಸಿದ್ದಾರೆ ಅಂತ ತಿಳಿದುಬಂದಿದೆ, ಅವರಿಗೆ ಫೋನ್ ಮಾಡಿ ನಿಜ ತಿಳಿಸಿ.

ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡುತ್ತೇನೆ. ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ನಿಮಗೆ ಡೀಲರ್ ಲೈಸೆನ್ಸ್ ಕೊಟ್ಟಿರುವ ಅಧಿಕಾರಿಗಳಿಗೂ ಇದೇ ಪತ್ರದ ಪ್ರತಿ ಹೋಗುತ್ತದೆ. ಅಡ್ವಾನ್ಸ್ ರಸೀದಿ ಮತ್ತು ನಿಮ್ಮ ಸಹಿ ಇರುವ ಕೊಟೇಶನ್‌ನ ನಕಲುಗಳನ್ನು ಇದರ ಜೊತೆ ಲಗತ್ತಿಸಿದ್ದೇನೆ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ, ಉತ್ತರವನ್ನೂ ಫೋನಿನಲ್ಲಿ ಬೇಡ, ಬರವಣಿಗೆಯಲ್ಲೇ ಕೊಡಿ.

ಇತಿ,
ನಿಮ್ಮ ಗ್ರಾಹಕ
(ಸಹಿ)