ಇಲಿ ಜ್ವರದ ಚಿಂತೆ ಬಿಡು

ಅಮ್ಮನಿಗೆ ನಮಸ್ಕಾರ. ನಾನಿಲ್ಲಿ ಕ್ಷೇಮ.

ನಿನ್ನ ಕಾಗದ ಬಂತು. ಮೂರು ಪುಟದಲ್ಲಿ ಎರಡೂವರೆ ಪುಟ ಇಲಿ ಜ್ವರವೇ! ವಿನು ಆ ಕೆಸರಿನ ಫೋಟೊ ನಿನಗೆ ತೋರಿಸಬಾರದಿತ್ತು. ಇಲಿ ಮೂತ್ರ ಬೆರೆತ ನೀರು ಗಾಯದಿಂದಲೋ ಕಣ್ಣು, ಬಾಯಿಂದಲೋ ಒಳಗೆ ಹೋದರೆ ಬರುವ ಜ್ವರ ಅದು. ಅದಕ್ಕೇ ಇಲ್ಲಿ ಇಂಗ್ಲೆಂಡಿನಲ್ಲಿ ಜೌಗಿಗೆ ಇಳಿಯುವ ಮುಂಚೆ ತರಚಿದ ಗಾಯಕ್ಕೂ ನೀರಿಳಿಯದ ಪ್ಲಾಸ್ಟರ್ ಹಚ್ಚುತ್ತಾರೆ. ಕೈಗೆ ಗ್ಲೌಸ್, ಕಾಲಿಗೆ ರಬ್ಬರ್ ಬೂಟು. ಸೋಪು ಹಾಕಿ ಕೈ ತೊಳೆಯದೆ ಬಿಸ್ಕತ್ತನ್ನೂ ಮುಟ್ಟುವಂತಿಲ್ಲ. ಒಂದೆರಡು ವಾರದಲ್ಲಿ ಜ್ವರ, ಮೈಕೈ ನೋವು ಬಂದರೆ ಜೌಗಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಫ್ಲೂ ಅಂದುಕೊಂಡುಬಿಡುತ್ತಾರೆ. ಬೇಗ ಗೊತ್ತಾದರೆ ಆಂಟಿಬಯೋಟಿಕ್ ಇದೆ.

ಅಂಥ ಘನ ಕೆಲಸ ಏನು ಅಂತ ಕೇಳಿದ್ದೀಯ. ಕಳೆ ಕೀಳುವುದು! ನಗಬೇಡ, ಕಳೆಯೂ ನಮ್ಮ ಕಡೆಯದೇ, ಹಿಮಾಲಯದ್ದು; ಹಿಮಾಲಯನ್ ಬಾಲ್ಸಮ್ ಅಂತ ಹೆಸರು. ಹಿತ್ತಲ ಕರ್ಣಕುಂಡಲದ ದಾಯಾದಿ. ಹೂ ಚೆಂದವೆಂದು 1839ರಲ್ಲಿ ಇಂಗ್ಲೆಂಡಿಗೆ ತಂದರು. ಈಗ ಹೊಳೆದಂಡೆಗಳಲ್ಲೆಲ್ಲ ಅದರದೇ ಕಾರುಬಾರು. ಆಳೆತ್ತರ ಮೀರಿ ಬೆಳೆದು ಕೆಳಗಿನ ಹುಲ್ಲಿಗೆ ಬಿಸಿಲು ತಪ್ಪಿಸುತ್ತದೆ. ಚಳಿಗಾಲಕ್ಕೆ ತಾನೂ ಸಾಯುತ್ತದೆ, ಆಗ ಬರಿದಾದ ದಂಡೆಯ ಮಣ್ಣು ಪ್ರವಾಹಕ್ಕೆ ಕೊಚ್ಚಿಹೋಗುತ್ತದೆ. ವಾಟರ್ ವೋಲ್ ಅನ್ನುವ ಪುಟ್ಟ ಪ್ರಾಣಿ ಬಿಲ ತೋಡುವುದು ಆ ದಂಡೆಯಲ್ಲಿ, ತಿನ್ನುವುದು ಅಲ್ಲಿನ ಹುಲ್ಲನ್ನೇ. ನೋಡಲು ಇಲಿಯ ಹಾಗೇ ಇದೆ, ಆದರೆ ಇಲ್ಲಿ ಅದಕ್ಕೆ ಕಾನೂನಿನ ರಕ್ಷಣೆ!

ಬೇರು ಆಳಕ್ಕೆ ಹೋಗುವುದಿಲ್ಲ, ಬುಡ ಹಿಡಿದೆಳೆದರೆ ಸಲೀಸಾಗಿ ಬರುತ್ತದೆ. ಕೆಲಸ ಕೆಡುವುದು ಅವಸರದಿಂದ. ನಡುವೆ ಮುರಿದು ಕೆಳಗಿನ ಗೆಣ್ಣು ಉಳಿಸಿದರೆ ಅಲ್ಲಿಂದಲೇ ಚಿಗುರಿ ಮತ್ತೆ ಹೂ ಬಿಡುತ್ತದೆ. ಕಿತ್ತದ್ದನ್ನು ಒದ್ದೆ ನೆಲಕ್ಕೆಸೆದರೆ ಬೇರೂರುತ್ತದೆ; ಕಾಂಡ ತುಳಿದು ಜಜ್ಜಿ ಒಣ ಜಾಗದಲ್ಲಿ ರಾಶಿ ಹಾಕಬೇಕು. ಕಾಯಿ ಬಲಿಯುವ ಮುಂಚೆಯೇ ಕೀಳುವುದೆಲ್ಲ ಮುಗಿಯಬೇಕು. ಒಂದು ಗಿಡದಲ್ಲಿ 800ರವರೆಗೂ ಬೀಜ, ಬಲಿತ ಕಾಯಿ ಮುಟ್ಟಿದರೆ ಸಿಡಿದು 7 ಮೀಟರ್ ದೂರದವರೆಗೂ ಹಾರುತ್ತವೆ. ಆಮೇಲೆ ಕೀಳಲು ಹೋದವರೇ ಬಿತ್ತಿ ಬಂದಂತೆ. ಹೊಳೆಯ ಮೇಲ್ಗಡೆಯಿಂದ ಶುರುಮಾಡದಿದ್ದರೆ ನೀರೇ ಹೊಸ ಬೀಜ ತಂದು ಸುರಿಯುತ್ತದೆ. ಮಣ್ಣಿನಲ್ಲಿ ಬೀಜ ಸುಮಾರು ಎರಡು ವರ್ಷ ಬದುಕಿರುವುದರಿಂದ ಒಂದು ಬೇಸಿಗೆ ಕೈಬಿಟ್ಟರೂ ಮೊದಲಿನಿಂದ ಶುರು. ಬೂಟಿನ ಅಡಿಯ ಕೆಸರನ್ನು ಅಲ್ಲೇ ಬ್ರಷ್‌ನಲ್ಲಿ ತಿಕ್ಕಿ, ಮನೆಯಲ್ಲಿ ಪೂರ್ತಿ ಒಣಗಿಸಬೇಕು, ಬೀಜ ಅದರಲ್ಲೂ ಪಯಣಿಸುತ್ತದೆ.

ಪ್ಲಾಸ್ಟರ್ ಎರಡು ಡಬ್ಬ ಇದೆ. ಬೂಟು ತೂತಾಗಿಲ್ಲ. ಗಾಯ ಒಂದೂ ಇಲ್ಲ, ಜ್ವರವೂ ಇಲ್ಲ, ದೇವರಾಣೆ. ಅಪ್ಪನ ಶುಗರ್ ಎಷ್ಟು ಬಂತು, ಅದನ್ನು ಬರೆ. ಬಸ್ಸಿಗೆ ಹೊತ್ತಾಯಿತು.

ನಿನ್ನ ಮಗ,
ಶ್ರೀನಿ