ಮೊಬೈಲ್ ಕ್ಯಾಲೆಂಡರಿನಲ್ಲಿ ನಮ್ಮ ಜಿಲ್ಲೆಯ ಹಬ್ಬಗಳೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ರಾಜ್ಯ ಸರ್ಕಾರದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯು ಪ್ರತಿ ವರ್ಷ ಮುಂದಿನ ವರ್ಷದ ಸಾರ್ವತ್ರಿಕ ರಜೆ ಹಾಗೂ ಪರಿಮಿತ ರಜೆಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಆ ಪಟ್ಟಿ ಪಿಡಿಎಫ್ ರೂಪದಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ದಿನ ಓಡಾಡಿ ಮರೆಯಾಗುತ್ತದೆ. ಅದನ್ನು ಮೊಬೈಲ್ ಕ್ಯಾಲೆಂಡರಿಗೆ ನೇರವಾಗಿ ಜೋಡಿಸಿಕೊಳ್ಳುವಂತಹ ಕಡತವಾಗಿಯೂ ಕೊಡಬೇಕು, ಜಿಲ್ಲಾಡಳಿತಗಳು ತಮ್ಮ ಜಿಲ್ಲೆಯ ಹಬ್ಬ, ಜಾತ್ರೆ, ಉರುಸುಗಳಿಗೆ ಇಂಥದ್ದೇ ಪ್ರತ್ಯೇಕ ಕಡತ ಸಿದ್ಧಪಡಿಸಬೇಕು ಎಂದು ಈ ಪತ್ರದ ಮೂಲಕ ಕೋರುತ್ತಿದ್ದೇನೆ.

ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ಈಗ ಶಾಲೆಯ ಪರೀಕ್ಷೆ, ಕಚೇರಿಯ ಸಭೆ, ಆಸ್ಪತ್ರೆಯ ಶಿಬಿರ ಎಲ್ಲದಕ್ಕೂ ದಿನಾಂಕ ನಿಗದಿಯಾಗುವುದು ಗೋಡೆಯ ಪಂಚಾಂಗ ನೋಡಿ ಅಲ್ಲ, ಕೈಯಲ್ಲಿರುವ ಫೋನ್ ನೋಡಿ. ವಿಜಯಪುರದ ಶಾಲೆಯೊಂದು ಪಾಲಕರ ಸಭೆಯನ್ನು ಎಳ್ಳಮಾವಾಸ್ಯೆಯ ದಿನವೇ ಕರೆದದ್ದನ್ನು ನಾನು ಕಂಡಿದ್ದೇನೆ. ಅಂದು ನಮ್ಮ ಕಡೆಯ ರೈತ ಕುಟುಂಬಗಳು ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯೆ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು, ನೆಂಟರಿಷ್ಟರನ್ನೂ ಕರೆದುಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಅಲ್ಲೇ ಕುಳಿತು ಊಟ ಮಾಡುತ್ತವೆ. ಸಭೆಗೆ ಬಂದವರು ಬೆರಳೆಣಿಕೆಯಷ್ಟು ಜನ. ದಿನಾಂಕ ಗೊತ್ತುಮಾಡಿದವರು ಬೇರೆ ಊರಿನಿಂದ ಬಂದವರು. ಅವರ ಫೋನಿನಲ್ಲಿ ಆ ದಿನದ ಮನೆ ಖಾಲಿ ಇತ್ತು. ಅವರನ್ನು ದೂರಿ ಪ್ರಯೋಜನವಿಲ್ಲ.

ಫೋನುಗಳಲ್ಲಿ ಸಿದ್ಧವಾಗಿ ಸಿಗುವುದು ಇಡೀ ಭಾರತಕ್ಕೆ ಒಂದೇ ಆದ ಪಟ್ಟಿ. ಅದರಲ್ಲಿ ಛಠ್ ಪೂಜೆ, ರಕ್ಷಾಬಂಧನ ಇರುತ್ತವೆ, ಇರಲಿ. ಆದರೆ ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಬಾದಾಮಿ ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರವೇ ಹರಿದು ಬರುವ ಭಾರತ ಹುಣ್ಣಿಮೆಗಳನ್ನು ಅಲ್ಲಿ ಹುಡುಕಿದರೂ ಸಿಗವು. ಮಾಸದ ಲೆಕ್ಕವೂ ಬೇರೆ. ಉತ್ತರ ಭಾರತದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿದರೆ ನಮ್ಮಲ್ಲಿ ಅಮಾವಾಸ್ಯೆಗೆ ಮುಗಿಯುತ್ತದೆ. ಹಾಗಾಗಿ 2025ರಲ್ಲಿ ಅಲ್ಲಿ ಶ್ರಾವಣ ಜುಲೈ 11ಕ್ಕೇ ಆರಂಭವಾದರೆ ನಮಗೆ ಆರಂಭವಾದದ್ದು ಜುಲೈ 25ಕ್ಕೆ. ಅಲ್ಲಿಯ ಪಟ್ಟಿಯನ್ನು ನಂಬಿ ಶ್ರಾವಣ ಸೋಮವಾರ ಹಿಡಿಯುವವರ ಗತಿ ಏನು?

ನಮಗೆ ಬೇಕಾದ ಹಬ್ಬಗಳನ್ನು ನಾವೇ ಬರೆದುಕೊಳ್ಳಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಬರೆದು, ಪ್ರತಿ ವರ್ಷ ನೆನಪಿಸು ಎಂದು ಗುರುತಿಟ್ಟರೆ ಆಗುವ ಗೊಂದಲ ಅವರಿಗೆ ತಿಳಿದಂತಿಲ್ಲ. ಸಂಕ್ರಾಂತಿ ಸೂರ್ಯನ ಲೆಕ್ಕದ ಹಬ್ಬವಾದ್ದರಿಂದ ಅದೇ ಹೊತ್ತಿಗೆ ನಡೆಯುವ ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಮಟ್ಟಿಗೆ ಆ ಉಪಾಯ ಸುಮಾರಾಗಿ ನಡೆಯುತ್ತದೆ. ನಾಗರಪಂಚಮಿಗೆ ನಡೆಯುವುದಿಲ್ಲ: 2022ರಲ್ಲಿ ಆಗಸ್ಟ್ 2ಕ್ಕೆ ಬಂದ ಪಂಚಮಿ, ಅಧಿಕ ಶ್ರಾವಣದ ಕಾರಣ 2023ರಲ್ಲಿ ಆಗಸ್ಟ್ 21ಕ್ಕೆ ಹೋಯಿತು. ರಂಜಾನ್ ಹಬ್ಬವಂತೂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಲೇ ಇರುತ್ತದೆ. 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಅದರ ಮೇಲೆ ಚಂದ್ರದರ್ಶನದ ಮಾತು ಬೇರೆ.

ಇದಕ್ಕೆ ತಕ್ಕ ವ್ಯವಸ್ಥೆ ಈಗಾಗಲೇ ಇದೆ. ಐಸಿಎಸ್ ಎಂಬ ಬಗೆಯ ಕಡತವನ್ನು ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಕ್ಯಾಲೆಂಡರುಗಳೆಲ್ಲ ಓದಬಲ್ಲವು. ಅದನ್ನು ಒಮ್ಮೆ ಇಳಿಸಿಕೊಂಡರೆ ಅಂದಿನ ದಿನಾಂಕಗಳಷ್ಟೇ ಉಳಿಯುತ್ತವೆ. ಕೊಂಡಿಯ ಮೂಲಕ ಚಂದಾದಾರರಾದರೆ ಮೂಲದಲ್ಲಿ ಆದ ತಿದ್ದುಪಡಿ ಸ್ವಲ್ಪ ಸಮಯದಲ್ಲಿ ನಮ್ಮ ಫೋನಿಗೂ ಬರುತ್ತದೆ. ಚಂದ್ರದರ್ಶನವಾಗದೆ ಹಬ್ಬ ಒಂದು ದಿನ ಮುಂದೆ ಹೋದರೆ ಇಲಾಖೆ ಒಂದೇ ಕಡೆ ತಿದ್ದಿದರೆ ಸಾಕು.

ಎಲ್ಲವನ್ನೂ ಒಂದೇ ಕಡತದಲ್ಲಿ ತುಂಬಬಾರದು ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಸಿದ್ಧ ಪಟ್ಟಿಯಿಂದ ಒಂದೇ ಒಂದು ಹಬ್ಬವನ್ನು ತೆಗೆಯಲು ಸಾಮಾನ್ಯವಾಗಿ ಬರುವುದಿಲ್ಲ, ತೆಗೆದರೆ ಇಡೀ ಪಟ್ಟಿಯೇ ಹೋಗುತ್ತದೆ. ಗೂಗಲ್ ಕ್ಯಾಲೆಂಡರಿನಲ್ಲಿ ಸಾರ್ವತ್ರಿಕ ರಜೆ ಮಾತ್ರ ಸಾಕೋ, ಇತರ ಆಚರಣೆಗಳೂ ಬೇಕೋ ಎಂದು ಆರಿಸಿಕೊಳ್ಳಬಹುದು, ಅಷ್ಟೇ. ಆದ್ದರಿಂದ ಸಾರ್ವತ್ರಿಕ ರಜೆ ಒಂದು, ಪರಿಮಿತ ರಜೆ ಒಂದು, ಆಯಾ ಧರ್ಮದ ಆಚರಣೆಗಳು ಬೇರೆ ಬೇರೆ, ಜಿಲ್ಲೆಯದು ಇನ್ನೊಂದು ಎಂದು ಬಿಡಿಬಿಡಿಯಾಗಿ ಕೊಟ್ಟರೆ ಬೇಕಾದವರು ಬೇಕಾದ್ದನ್ನು ಸೇರಿಸಿಕೊಳ್ಳುತ್ತಾರೆ. ಸ್ವಂತ ಫೋನಿನಲ್ಲಿ ಯಾವ ಹಬ್ಬ ಕಾಣಬೇಕು ಎಂಬುದು ಅವರವರ ಇಷ್ಟ. ಶಾಲೆ, ಕಚೇರಿಗಳ ಹಂಚಿಕೆಯ ಕ್ಯಾಲೆಂಡರಿನಲ್ಲಿ ಮಾತ್ರ ಎಲ್ಲರ ಹಬ್ಬಗಳೂ ಇರಲೇಬೇಕು. ಬಸವ ಜಯಂತಿ, ಮೊಹರಂ, ಮಹಾವೀರ ಜಯಂತಿ, ಗುಡ್ ಫ್ರೈಡೇ ಇವುಗಳಲ್ಲಿ ಯಾವುದನ್ನು ಮರೆತು ಪರೀಕ್ಷೆ ಇಟ್ಟರೂ ಯಾವುದೋ ಮನೆಯ ಮಗುವಿಗೆ ಅನ್ಯಾಯವಾಗುತ್ತದೆ.

ಜಿಲ್ಲೆಗೊಂದು ಪಟ್ಟಿ ಎಂಬುದೂ ಹೊಸ ಮಾತಲ್ಲ. ಕೈಲ್‌ಪೊಳ್ದು, ಹುತ್ತರಿ ಹಬ್ಬಗಳಿಗೆ ಕೊಡಗು ಜಿಲ್ಲೆಗಷ್ಟೇ ಸ್ಥಳೀಯ ರಜೆಯನ್ನು ಸರ್ಕಾರದ ಅಧಿಸೂಚನೆಯೇ ನೀಡುತ್ತಾ ಬಂದಿದೆ. ನಾನು ಹೆಚ್ಚುವರಿ ರಜೆ ಕೇಳುತ್ತಿಲ್ಲ, ಮಾಹಿತಿ ಕೇಳುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲಾಧಿಕಾರಿಗಳು ತಹಶೀಲ್ದಾರರ ಮೂಲಕ ಮಠ, ದೇವಸ್ಥಾನ, ದರ್ಗಾ, ಬಸದಿ, ಚರ್ಚುಗಳಿಂದ ದಿನಾಂಕಗಳನ್ನು ತರಿಸಿಕೊಂಡು, ಮುಂದಿನ ವರ್ಷದ ಅಧಿಸೂಚನೆ ಹೊರಬೀಳುವ ಹೊತ್ತಿಗೆ ಜಿಲ್ಲೆಯ ಜಾಲತಾಣದಲ್ಲಿ ಆ ಕೊಂಡಿಯನ್ನು ಕನ್ನಡದಲ್ಲೇ ಒದಗಿಸಬೇಕು.

ಇಂತಿ,
ಓರ್ವ ಪಾಲಕ,
ವಿಜಯಪುರ